ಬೆರಳಿಗೆ ಒಪ್ಪುವ ಯಂತ್ರ: ಬ್ರೈಲ್ ನೋಟ್‌ಟೇಕರ್ ಕೊಳ್ಳುವ ಮುನ್ನ



ಕಳೆದ ದೀಪಾವಳಿ ಕಾರ್ಯಕ್ರಮದಲ್ಲಿ ಊಟದ ಸಾಲಿನಲ್ಲಿ ನಿಂತಿದ್ದಾಗ ಹಿರಿಯರೊಬ್ಬರು ನಮ್ಮನ್ನು ಕೇಳಿದರು: “ಅಲ್ಲಾ, ಈಗ ಫೋನೇ ಎಲ್ಲಾ ಓದಿ ಹೇಳತ್ತಲ್ಲ, ಮಗೂಗೆ ಆ ಚುಕ್ಕಿ ಮಷೀನು ಇನ್ನೂ ಯಾಕೆ?” ಪ್ರೀತಿಯಿಂದಲೇ ಕೇಳಿದ ಮಾತು. ಕೈಯಲ್ಲಿ ಬಿಸಿಬೇಳೆಬಾತಿನ ತಟ್ಟೆ, ಹಿಂದೆ ಐವತ್ತು ಜನ; ಅರ್ಧ ಉತ್ತರ ಕೊಟ್ಟು ಮುಂದೆ ಸರಿದೆವು. ಅದೇ ಸಂಜೆ ಇನ್ನೊಂದು ಕುಟುಂಬದವರು ಬಂದು, ಊರಿನಲ್ಲಿರುವ ಅಕ್ಕನ ಮಗನಿಗೆ ಇಲ್ಲಿಂದ ಒಂದು ಬ್ರೈಲ್ ಯಂತ್ರ ಕಳಿಸಬೇಕು, ಎಲ್ಲಕ್ಕಿಂತ ಒಳ್ಳೆಯದು ಯಾವುದು ಹೇಳಿ, ದುಡ್ಡಿನ ಚಿಂತೆ ಬೇಡ ಎಂದರು. ಆ ಎರಡೂ ಪ್ರಶ್ನೆಗಳಿಗೆ ಸಾವಕಾಶವಾಗಿ ಉತ್ತರಿಸೋಣ ಎಂದು ಈ ಲೇಖನ.

ನಾವು ಎಂದರೆ ಎಡಿಸನ್‌ನಲ್ಲಿ ವಾಸವಾಗಿರುವ ಗಂಡ ಹೆಂಡತಿ. ನಮ್ಮ ಮಗಳಿಗೆ ಹುಟ್ಟಿನಿಂದ ಕಣ್ಣು ಕಾಣದು. ಈಗ ಹೈಸ್ಕೂಲಿನಲ್ಲಿ ಓದುತ್ತಿದ್ದಾಳೆ. ವೃತ್ತಿಯಿಂದ ತಂತ್ರಾಂಶ ಬರೆಯುವ ಮನೆಯಾದ್ದರಿಂದ ಯಂತ್ರ ಆರಿಸುವುದು ನಮಗೆ ಸುಲಭ ಎಂದು ನಾವೂ ತಿಳಿದಿದ್ದೆವು. ಆ ಹಮ್ಮು ಇಳಿದದ್ದು ಹೇಗೆ ಎಂಬುದು ಮುಂದೆ ಬರುತ್ತದೆ.

ಮೊದಲು ಹಿರಿಯರ ಪ್ರಶ್ನೆ. ನಾವಿರುವ ಈ ಊರಿಗೂ ಅದಕ್ಕೂ ಹಳೆಯ ನಂಟಿದೆ. ಥಾಮಸ್ ಎಡಿಸನ್ 1877ರಲ್ಲಿ ಫೋನೋಗ್ರಾಫ್ ಕಂಡುಹಿಡಿದದ್ದು ಇಲ್ಲೇ ಮೆನ್ಲೋ ಪಾರ್ಕಿನಲ್ಲಿ. ಓಕ್ ಟ್ರೀ ರಸ್ತೆಯಲ್ಲಿ ತರಕಾರಿ ತರಲು ಹೋಗುವ ನಾವೆಲ್ಲ ಆ ಸ್ಮಾರಕ ಗೋಪುರದ ಹತ್ತಿರದಿಂದಲೇ ಓಡಾಡುತ್ತೇವೆ. ಮರುವರ್ಷ, 1878ರಲ್ಲಿ, ಆತ ಒಂದು ಪತ್ರಿಕೆಯಲ್ಲಿ ತನ್ನ ಯಂತ್ರದಿಂದ ಮುಂದೆ ಏನೇನು ಉಪಯೋಗವಾಗಬಹುದು ಎಂದು ಪಟ್ಟಿ ಮಾಡಿದ. ಅದರಲ್ಲಿ ಎರಡನೆಯದೇ ಕಣ್ಣು ಕಾಣದವರಿಗೆ ಮಾತನಾಡುವ ಪುಸ್ತಕ. ಇಂದು ಅದು ಪೂರ್ತಿ ನಿಜವಾಗಿದೆ. ನಮ್ಮ ಮಗಳೂ ಕಾದಂಬರಿಗಳನ್ನು ಕೇಳುತ್ತಾಳೆ, ಅದೂ ನಮಗೆ ಒಂದಕ್ಷರವೂ ಅರ್ಥವಾಗದಷ್ಟು ವೇಗದಲ್ಲಿ.

ಆದರೆ ಕೇಳುವುದು ಬೇರೆ, ಓದುವುದು ಬೇರೆ. ನಮ್ಮ ನಿಮ್ಮ ಮಕ್ಕಳಿಗೆ ಪುಸ್ತಕವನ್ನೇ ಕೊಡದೆ ಬರೀ ರೇಡಿಯೋ ಹಚ್ಚಿ ಕೂರಿಸಿದರೆ ಕಾಗುಣಿತ ಬರುತ್ತದೆಯೇ? ಗಣಿತದ ಸಮೀಕರಣವೊಂದನ್ನು ಯಾರೋ ಬಾಯಲ್ಲಿ ಹೇಳಿ ಮುಗಿಸಿದರೆ ಅದರ ಕಂಸ ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಎಂದು ಹಿಂದೆ ಹೋಗಿ ನೋಡುವುದು ಹೇಗೆ? ತರಗತಿಯಲ್ಲಿ ಎದ್ದು ನಿಂತು ತಾನೇ ಬರೆದದ್ದನ್ನು ಓದಬೇಕಾದರೆ ಕಿವಿಯಲ್ಲಿ ಒಂದು ದನಿ, ಬಾಯಲ್ಲಿ ಇನ್ನೊಂದು ದನಿ ಆಗುತ್ತದೆ. ಬ್ರೈಲ್ ಎಂದರೆ ಅಕ್ಷರ. ಅಕ್ಷರ ಬೇಡ, ದನಿ ಸಾಕು ಎಂದು ಕಣ್ಣಿರುವ ಮಕ್ಕಳ ವಿಷಯದಲ್ಲಿ ನಾವು ಯಾರೂ ಹೇಳುವುದಿಲ್ಲ.

ಬ್ರೈಲ್ ಲಿಪಿಯನ್ನು ಅರ್ಥ ಮಾಡಿಕೊಳ್ಳಲು ಚುಕ್ಕಿ ರಂಗೋಲಿ ಬಲ್ಲವರಿಗೆ ಎರಡು ನಿಮಿಷ ಸಾಕು. ನಿಂತ ಆಯತದಲ್ಲಿ ಆರು ಚುಕ್ಕಿ: ಎಡಗಡೆ ಮೇಲಿನಿಂದ ಕೆಳಕ್ಕೆ 1, 2, 3, ಬಲಗಡೆ 4, 5, 6. ಯಾವ ಚುಕ್ಕಿ ಉಬ್ಬಿದೆ, ಯಾವುದು ಇಲ್ಲ ಎಂಬುದರಿಂದ ಅಕ್ಷರ. ಖಾಲಿ ಮನೆ ಬಿಟ್ಟರೆ ಒಟ್ಟು 63 ರೂಪಗಳು. ಈ ಒಂದು ಮನೆಗೆ ಸೆಲ್ ಎನ್ನುತ್ತಾರೆ. ಫ್ರಾನ್ಸಿನ ಲೂಯಿ ಬ್ರೈಲ್ ಇದನ್ನು 1829ರಲ್ಲಿ ಪ್ರಕಟಿಸಿದಾಗ ಅವನಿಗೆ ಇಪ್ಪತ್ತು ವರ್ಷ. ಭಾರತದ ಭಾಷೆಗಳಿಗೆಲ್ಲ ಸೇರಿ ಒಂದೇ ಭಾರತಿ ಬ್ರೈಲ್ ಎಂದು ಒಪ್ಪಿಗೆಯಾದದ್ದು 1951ರಲ್ಲಿ. ಅದನ್ನು ರೂಪಿಸಿದವರು ಬಹಳ ಜಾಣತನದ ಒಂದು ಕೆಲಸ ಮಾಡಿದರು: ಎಲ್ಲಿ ಸಾಧ್ಯವೋ ಅಲ್ಲಿ ಇಂಗ್ಲಿಷ್ ಅಕ್ಷರದ ಸದ್ದಿಗೆ ಹೊಂದುವ ನಮ್ಮ ಅಕ್ಷರಕ್ಕೆ ಅದೇ ಚುಕ್ಕಿಗಳನ್ನು ಕೊಟ್ಟರು. ಕನ್ನಡದ ‘ಕ’ ಎಂದರೆ ಇಂಗ್ಲಿಷಿನ ಕೆ, ‘ಮ’ ಎಂದರೆ ಎಂ, ‘ಲ’ ಎಂದರೆ ಎಲ್. ಕೊಂಬು, ಗುಡಿಸು, ಇಳಿ ಯಾವುದೂ ಇಲ್ಲ. ವ್ಯಂಜನದ ಮುಂದೆ ಸ್ವರವನ್ನೇ ಬರೆದರಾಯಿತು. ಒತ್ತಕ್ಷರಕ್ಕೆ, ಸ್ವರವಿಲ್ಲದ ವ್ಯಂಜನದ ಹಿಂದೆ 4ನೇ ಚುಕ್ಕಿಯೊಂದನ್ನು ಇಟ್ಟರೆ ಸಾಕು.

ಹಾಗಾದರೆ ‘ಅಜ್ಜಿ’ ಎಂಬ ಪದ ಹೇಗೆ? ಮೊದಲು ಅ, ನಂತರ 4ನೇ ಚುಕ್ಕಿ, ಜ, ಮತ್ತೆ ಜ, ಕೊನೆಗೆ ಇ. ಐದು ಸೆಲ್. ಇಂಗ್ಲಿಷ್ ಬ್ರೈಲ್ ಮಾತ್ರ ಗೊತ್ತಿರುವ ಮಗು ಇದರ ಮೇಲೆ ಬೆರಳಾಡಿಸಿದರೆ ಸಿಗುವುದು ಎ, ಒಂದು ಚುಕ್ಕಿ, ಜೆ, ಜೆ, ಐ. ಅಂದರೆ ಅಜ್ಜಿ ಅಜ್ಜಿಯೇ. ಈ ಸಂಗತಿ ನಮಗೆ ತಿಳಿದದ್ದು ತೀರಾ ತಡವಾಗಿ, ಮಗಳಿಗೆ ಹದಿಮೂರು ತುಂಬಿದ ಮೇಲೆ. ಅಲ್ಲಿಯವರೆಗೆ ಭಾನುವಾರದ ಕನ್ನಡ ಶಾಲೆಯಲ್ಲಿ ಉಳಿದ ಮಕ್ಕಳು ಅ ಆ ಇ ಈ ತಿದ್ದುವಾಗ ಇವಳು ಪಕ್ಕದಲ್ಲಿ ಕುಳಿತು ಪದ್ಯ ಕೇಳಿ ಬಾಯಿಪಾಠ ಮಾಡುತ್ತಿದ್ದಳು. ಅವಳಿಗೆ ಕನ್ನಡದ ಓದು ಇಲ್ಲ ಎಂದು ಎಲ್ಲರೂ, ನಾವೂ, ಒಪ್ಪಿಕೊಂಡುಬಿಟ್ಟಿದ್ದೆವು.

ಇನ್ನು ಯಂತ್ರದ ಮಾತು. ಬ್ರೈಲ್ ನೋಟ್‌ಟೇಕರ್ ಎಂದರೆ ಸರಳವಾಗಿ, ಪರದೆಯ ಬದಲು ಉಬ್ಬು ಚುಕ್ಕಿಗಳ ಒಂದು ಸಾಲು ಇರುವ ಪುಟ್ಟ ಗಣಕ. ಮೇಲ್ಗಡೆ ಬರೆಯಲು ಆರೆಂಟು ಗುಂಡಿಗಳು ಮತ್ತು ಸ್ಪೇಸ್, ಕೆಳಗಡೆ ಓದಲು ಇಪ್ಪತ್ತೋ ಮೂವತ್ತೆರಡೋ ಸೆಲ್‌ಗಳ ಸಾಲು. ಓದಿ ಮುಗಿಸಿ ಗುಂಡಿ ಒತ್ತಿದರೆ ಚುಕ್ಕಿಗಳು ಕೆಳಗಿಳಿದು ಮುಂದಿನ ಸಾಲು ಏಳುತ್ತದೆ. ಇದಕ್ಕೆ ಮುಂಚೆ ಇದ್ದದ್ದು ತಗಡಿನ ಸ್ಲೇಟು ಮತ್ತು ಮೊಳೆ, ಅದರಲ್ಲಿ ಬಲದಿಂದ ಎಡಕ್ಕೆ ತಿರುವುಮುರುವಾಗಿ ಬರೆಯಬೇಕು. ಆಮೇಲೆ 1951ರಲ್ಲಿ ಬಂದ ಪರ್ಕಿನ್ಸ್ ಬ್ರೈಲರ್, ಅದು ಐದು ಕಿಲೋದ ಹತ್ತಿರ ತೂಗುವ ಟೈಪ್‌ರೈಟರ್. 1987ರಲ್ಲಿ ಅಮೆರಿಕದ ಡೀನ್ ಬ್ಲೇಜಿ ಎಂಬ ಇಂಜಿನಿಯರ್ ಬ್ರೈಲ್ ಗುಂಡಿಗಳಿಂದ ಬರೆದು ದನಿಯಲ್ಲಿ ಕೇಳುವ ‘ಬ್ರೈಲ್ ಎನ್ ಸ್ಪೀಕ್’ ತಂದರು. 2000ದಲ್ಲಿ ನ್ಯೂಜಿಲೆಂಡಿನಿಂದ ‘ಬ್ರೈಲ್‌ನೋಟ್’ ಬಂತು. ಕೊರಿಯಾದ ‘ಬ್ರೈಲ್‌ಸೆನ್ಸ್’ ಇನ್ನೊಂದು. ಇವೇ ಎರಡು ಮನೆತನಗಳು ಇಂದಿಗೂ ದೊಡ್ಡವು.

ಬೆಲೆ ಕೇಳಿದರೆ ತಲೆ ತಿರುಗುತ್ತದೆ. 32 ಸೆಲ್‌ನ ಪೂರ್ಣ ಪ್ರಮಾಣದ ನೋಟ್‌ಟೇಕರ್ ಐದಾರು ಸಾವಿರ ಡಾಲರ್. ಒಳ್ಳೆಯ ಲ್ಯಾಪ್‌ಟಾಪ್ ಸಾವಿರಕ್ಕೆ ಸಿಗುವಾಗ ಇದಕ್ಕೇಕೆ ಇಷ್ಟು? ಕಾರಣ ಚುಕ್ಕಿಗಳಲ್ಲಿದೆ. ಪ್ರತಿ ಚುಕ್ಕಿಯ ಕೆಳಗೂ ಪೀಜೋ ಎಂಬ ಬಗೆಯ ಪಿಂಗಾಣಿಯ ತೆಳು ಪಟ್ಟಿಯೊಂದು ಇರುತ್ತದೆ. ಅದಕ್ಕೆ ಸುಮಾರು ಇನ್ನೂರು ವೋಲ್ಟ್ ಕೊಟ್ಟರೆ ಕೂದಲೆಳೆಯಷ್ಟು ಬಾಗಿ ಮೊಳೆಯನ್ನು ಮೇಲಕ್ಕೆ ತಳ್ಳುತ್ತದೆ. ಗಣಕದ ಸೆಲ್‌ನಲ್ಲಿ ಎಂಟು ಚುಕ್ಕಿ. 32 ಸೆಲ್ ಎಂದರೆ 256 ಪಟ್ಟಿಗಳು, ಒಂದೊಂದೂ ಬೆರಳಿನ ಒತ್ತಡ ತಡೆಯಬೇಕು, ವರ್ಷಗಟ್ಟಲೆ ಸಮನಾಗಿ ಏಳಬೇಕು. ಇಂಥ ಸೆಲ್ ಮಾಡುವ ಕಂಪನಿಗಳು ಜಗತ್ತಿನಲ್ಲಿ ಬೆರಳೆಣಿಕೆಯಷ್ಟು, ಕೊಳ್ಳುವವರೂ ಕಡಿಮೆ. ಮೊಬೈಲಿನಂತೆ ಕೋಟಿಗಟ್ಟಲೆ ತಯಾರಾಗುವ ವಸ್ತುವಲ್ಲ. ಆದ್ದರಿಂದ ಬೆಲೆ ಬಹುಮಟ್ಟಿಗೆ ಸೆಲ್‌ಗಳ ಎಣಿಕೆಯ ಮೇಲೆ ನಿಂತಿದೆ ಎಂದು ತಿಳಿದುಕೊಂಡರೆ ಅಂಗಡಿಯವರ ಅರ್ಧ ಮಾತು ಕೇಳುವ ಅಗತ್ಯವಿಲ್ಲ.

ನಾವು ಈ ಬುದ್ಧಿ ಬರುವ ಮುಂಚೆಯೇ ಕೊಂಡೆವು. 2017ರಲ್ಲಿ ಮಗಳು ಮೂರನೇ ತರಗತಿ. ನಮ್ಮ ಅಭ್ಯಾಸದಂತೆ ಒಂದು ಎಕ್ಸೆಲ್ ಹಾಳೆ ತೆರೆದು ಸೆಲ್, ಮೆಮೊರಿ, ವೈಫೈ, ಬ್ಲೂಟೂತ್, ಜಿಪಿಎಸ್ ಎಂದು ಕಾಲಂ ಹಾಕಿ ಅಂಕ ಕೊಟ್ಟೆವು. ಹೆಚ್ಚು ಅಂಕ ಬಂದದ್ದರ ಹಳೆಯ ಮಾದರಿಯೊಂದನ್ನು ಒಬ್ಬ ಮಾರಾಟಗಾರರಿಂದ ಬಳಸಿದ ಮಾಲಾಗಿ, ನಮ್ಮ ಉಳಿತಾಯದಿಂದ ತಂದೆವು. ಆ ಹಾಳೆಯಲ್ಲಿ ಇಲ್ಲದ ಕಾಲಂ ಒಂದೇ: ಮಗಳು ಅದನ್ನು ಮುಟ್ಟಿ ನೋಡಿದ್ದಾಳೆಯೇ ಎಂಬುದು. ಬಂದ ದಿನವೇ ಅವಳು ಹೇಳಿದಳು, ಗುಂಡಿಗಳು ಗಟ್ಟಿ, ಬೆರಳು ನೋಯುತ್ತದೆ, ಸಾಲಿನ ಕೊನೆಗೆ ಕೈ ಎಟುಕುವುದಿಲ್ಲ. ಅಭ್ಯಾಸವಾಗುತ್ತದೆ ಬಿಡು ಎಂದೆವು. ಏಳು ತಿಂಗಳಿಗೆ ನಡುವಿನ ಎರಡು ಸೆಲ್‌ಗಳಲ್ಲಿ ಚುಕ್ಕಿ ಏಳುವುದು ನಿಂತಿತು. ನಮಗೆ ಅದು ಎರಡು ಸೆಲ್. ಅವಳಿಗೆ ಪ್ರತಿ ಸಾಲಿನಲ್ಲೂ ಎರಡು ಅಕ್ಷರ ಮಾಯ. ದುರಸ್ತಿಗೆ ಕಳಿಸಿದರೆ ಒಂಬತ್ತು ವಾರ. ಆ ಒಂಬತ್ತು ವಾರ ಅವಳು ಶಾಲೆಗೆ ಹೋದದ್ದು ಪರ್ಕಿನ್ಸ್ ಬ್ರೈಲರ್ ಹೊತ್ತುಕೊಂಡು. ತಪ್ಪು ಯಂತ್ರದ್ದಲ್ಲ, ನಮ್ಮದು.

ಎರಡನೆಯ ಪಾಠ ಇನ್ನೂ ದುಬಾರಿ: ಅದನ್ನು ನಾವು ಕೊಳ್ಳಬೇಕಾದ ಅಗತ್ಯವೇ ಇರಲಿಲ್ಲ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಏಕೆಂದರೆ ನಮ್ಮವರು ಸಂಕೋಚದಿಂದ ಕೇಳದೆ ಉಳಿಯುವುದು ಇದನ್ನೇ. ಅಮೆರಿಕದ ಕಾನೂನಿನ ಪ್ರಕಾರ ಕಣ್ಣು ಕಾಣದ ಶಾಲಾ ಮಗುವಿಗೆ ಐ.ಇ.ಪಿ. ಎಂಬ ವೈಯಕ್ತಿಕ ಶಿಕ್ಷಣ ಯೋಜನೆ ಇರುತ್ತದೆ. ಮಗುವನ್ನು ಪರೀಕ್ಷಿಸಿ ಬ್ರೈಲ್ ಬೇಡ ಎಂದು ಆ ತಂಡ ನಿರ್ಧರಿಸದ ಹೊರತು ಬ್ರೈಲ್ ಕಲಿಸಲೇಬೇಕು. ಮಗುವಿಗೆ ಅಗತ್ಯವಾದ ಸಹಾಯಕ ಸಾಧನವನ್ನು ಶಾಲಾ ಜಿಲ್ಲೆಯೇ ಒದಗಿಸಬೇಕು. ಮನೆಪಾಠಕ್ಕೆ ಬೇಕು ಎಂದು ತಂಡ ಒಪ್ಪಿದರೆ ಅದನ್ನು ಮನೆಗೂ ಕಳಿಸಬೇಕು. ಯಂತ್ರ ಶಾಲೆಯ ಆಸ್ತಿ, ನಿಜ. ಆದರೆ ಕೆಟ್ಟರೆ ಬದಲಿ ಕೊಡುವ ಚಿಂತೆಯೂ ಶಾಲೆಯದು. ಇದಲ್ಲದೆ 1879ರ ಒಂದು ಕಾನೂನಿನಿಂದ ಕೆಂಟಕಿಯ ಅಮೆರಿಕನ್ ಪ್ರಿಂಟಿಂಗ್ ಹೌಸ್ ಫಾರ್ ದಿ ಬ್ಲೈಂಡ್ ಸಂಸ್ಥೆಯ ಮೂಲಕ ಕಣ್ಣು ಕಾಣದ ವಿದ್ಯಾರ್ಥಿಗಳ ಲೆಕ್ಕದ ಮೇಲೆ ಫೆಡರಲ್ ಹಣ ಬರುತ್ತದೆ. ಅದರಲ್ಲೂ ಉಪಕರಣ ತರಿಸಬಹುದು.

ನ್ಯೂಜೆರ್ಸಿಯಲ್ಲಿ ಇದಕ್ಕೆಲ್ಲ ಹೋಗಬೇಕಾದ ಬಾಗಿಲು ಕಮಿಷನ್ ಫಾರ್ ದಿ ಬ್ಲೈಂಡ್ ಅಂಡ್ ವಿಶುವಲಿ ಇಂಪೇರ್ಡ್. 1910ರಿಂದ ಇರುವ ಸರ್ಕಾರಿ ಸಂಸ್ಥೆ. ಇದರ ಶಿಕ್ಷಕರು ಶಾಲೆಗಳಿಗೇ ಬಂದು ಬ್ರೈಲ್ ಕಲಿಸುತ್ತಾರೆ. ದೊಡ್ಡವರಿಗೆ ನಮ್ಮ ಪಕ್ಕದ ನ್ಯೂ ಬ್ರನ್ಸ್‌ವಿಕ್‌ನಲ್ಲೇ ಇದರ ತರಬೇತಿ ಕೇಂದ್ರವಿದೆ. ಕೆಲಸಕ್ಕೆ ಬೇಕಾದ ಉಪಕರಣಕ್ಕೂ ಇಲ್ಲೇ ಕೇಳಬೇಕು. 2018ರಲ್ಲಿ ಐ.ಇ.ಪಿ. ಸಭೆಯಲ್ಲಿ ನಾವು ಮೊದಲ ಬಾರಿ ಬಾಯಿ ಬಿಟ್ಟು ಕೇಳಿದೆವು. ಶಿಕ್ಷಕಿಯವರು ಮೂರು ಬಗೆಯ ಯಂತ್ರ ತಂದು ಮಗಳ ಮುಂದೆ ಇಟ್ಟು, ಒಂದೊಂದನ್ನು ಎರಡೆರಡು ವಾರ ಶಾಲೆಯಲ್ಲಿ ಬಳಸಲು ಬಿಟ್ಟರು. ಆರಿಸಿದವಳು ಅವಳೇ. ನಮ್ಮ ಎಕ್ಸೆಲ್ ಹಾಳೆಯಲ್ಲಿ ಮೂರನೇ ಸ್ಥಾನ ಬಂದಿದ್ದ ಯಂತ್ರ!

ಅವಳು ನೋಡಿದ್ದು ಏನನ್ನು? ಗುಂಡಿ ಎಷ್ಟು ಮೃದು, ಬ್ಯಾಗಿನಿಂದ ತೆಗೆದು ಬರೆಯಲು ಶುರು ಮಾಡಲು ಎಷ್ಟು ಸೆಕೆಂಡು, ಓದುತ್ತಿರುವ ಜಾಗದಿಂದ ಕೈ ಎತ್ತದೆ ಮುಂದಿನ ಸಾಲಿಗೆ ಹೋಗಬಹುದೇ, ಚುಕ್ಕಿ ಏಳುವ ಸದ್ದು ತರಗತಿಯಲ್ಲಿ ಕೇಳಿಸುತ್ತದೆಯೇ. ಕೊನೆಯದು ನಮಗೆ ಹೊಳೆದೇ ಇರಲಿಲ್ಲ. ಹನ್ನೊಂದು ವರ್ಷದ ಮಗುವಿಗೆ ತಾನು ಮಾತ್ರ ಚಟಚಟ ಸದ್ದು ಮಾಡುವುದು ಬೇಡವೆನಿಸುತ್ತದೆ ಎಂದು ಎರಡು ವರ್ಷದ ನಂತರ ತಿಳಿಯಿತು.

ನಾವು ಇಂಜಿನಿಯರ್‌ಗಳಾಗಿ ಇದಕ್ಕೆ ಸೇರಿಸುವುದು ಎರಡು ಮೂರು ಮಾತು. ಮೊದಲನೆಯದು, ಪೂರ್ಣ ನೋಟ್‌ಟೇಕರ್‌ನ ಒಳಗಿನ ತಂತ್ರಾಂಶ ಬೇಗ ಹಳತಾಗುತ್ತದೆ. 2016ರಲ್ಲಿ ಬಂದ ಬ್ರೈಲ್‌ನೋಟ್ ಟಚ್ ನಡೆಯುತ್ತಿದ್ದದ್ದು 2013ರ ಆಂಡ್ರಾಯ್ಡ್ ಮೇಲೆ. ಶಾಲೆಯ ಗೂಗಲ್ ಪುಟಗಳು ವರ್ಷ ವರ್ಷ ಹೊಸದಾಗುತ್ತವೆ. ಯಂತ್ರ ಇದ್ದಲ್ಲೇ ಇರುತ್ತದೆ. ಐದು ಸಾವಿರ ಕೊಟ್ಟ ವಸ್ತು ಹತ್ತು ವರ್ಷ ಬರಬೇಕೆಂದರೆ ಅದರ ಸೆಲ್‌ಗಳು ಬರಬಹುದು, ಒಳಗಿನ ಬುದ್ಧಿ ಬರುವುದಿಲ್ಲ. ಆದ್ದರಿಂದ ಈಗ ಅನೇಕರು ಬುದ್ಧಿಯನ್ನು ಫೋನಿಗೋ ಲ್ಯಾಪ್‌ಟಾಪಿಗೋ ಬಿಟ್ಟು, ಬ್ರೈಲ್ ಡಿಸ್‌ಪ್ಲೇ ಎಂಬ ಸರಳ ಯಂತ್ರ ಕೊಳ್ಳುತ್ತಾರೆ. ಬ್ಲೂಟೂತ್‌ನಿಂದ ಜೋಡಿಸಿದರೆ ಐಫೋನಿನ ಪರದೆಯಲ್ಲಿರುವುದು ಚುಕ್ಕಿಗಳಾಗಿ ಬರುತ್ತದೆ. 2018ರಲ್ಲಿ ದೊಡ್ಡ ಕಂಪನಿಗಳು ಸೇರಿ ಬ್ರೈಲ್ ಸಾಧನಗಳಿಗೆ ಒಂದು ಸಾಮಾನ್ಯ ಯುಎಸ್‌ಬಿ ಮಾನಕ ಒಪ್ಪಿದವು. ಆ ಮಾನಕ ಇದೆಯೇ ಎಂದು ಕೇಳಿ ಕೊಳ್ಳುವುದು ಲೇಸು. ಎರಡನೆಯದು, ಅಮೆರಿಕದಲ್ಲಿ ಓದುವ ಮಗುವಿಗೆ 2016ರಿಂದ ಜಾರಿಯಲ್ಲಿರುವ ಯೂನಿಫೈಡ್ ಇಂಗ್ಲಿಷ್ ಬ್ರೈಲ್ ಜೊತೆ ಗಣಿತಕ್ಕೆ ನೆಮೆತ್ ಸಂಕೇತವೂ ಯಂತ್ರದಲ್ಲಿ ಸರಿಯಾಗಿ ಬರಬೇಕು. ಅದನ್ನು ರೂಪಿಸಿದ ಅಬ್ರಹಾಂ ನೆಮೆತ್ ಸ್ವತಃ ಕಣ್ಣು ಕಾಣದ ಗಣಿತದ ಪ್ರಾಧ್ಯಾಪಕರು. ಭಿನ್ನರಾಶಿ, ವರ್ಗಮೂಲ ಟೈಪ್ ಮಾಡಿಸಿ ಶಿಕ್ಷಕರಿಗೆ ಪ್ರಿಂಟ್‌ನಲ್ಲಿ ಹೇಗೆ ಹೋಗುತ್ತದೆ ಎಂದು ನೋಡಿಯೇ ತೀರ್ಮಾನಿಸಿ.

ಕೆಲವರಿಗೆ ಇದನ್ನು ಕೊಳ್ಳಬೇಡಿ ಎಂದೇ ಹೇಳುತ್ತೇವೆ. ನಮ್ಮ ಸಮುದಾಯದಲ್ಲಿ ಸಕ್ಕರೆ ಕಾಯಿಲೆಯಿಂದ ಅರವತ್ತರ ಮೇಲೆ ದೃಷ್ಟಿ ಕಳೆದುಕೊಂಡ ತಂದೆ ತಾಯಿಯರಿದ್ದಾರೆ. ಮಕ್ಕಳು ಪ್ರೀತಿಯಿಂದ ದೊಡ್ಡ ಯಂತ್ರ ತಂದುಬಿಡುತ್ತಾರೆ. ಸಕ್ಕರೆ ಕಾಯಿಲೆ ಬೆರಳ ತುದಿಯ ಸ್ಪರ್ಶವನ್ನೂ ಮಂದ ಮಾಡಬಹುದು; ಅಲ್ಲದೆ ಬ್ರೈಲ್ ಕಲಿಯಲು ತಿಂಗಳುಗಳು ಬೇಕು. ಅವರಿಗೆ ಮೊದಲು ಫೋನಿನಲ್ಲಿ ಓದಿ ಹೇಳುವ ಸೌಲಭ್ಯ, ಮಾತನಾಡುವ ಪುಸ್ತಕ. ಮನಸ್ಸಿದ್ದರೆ ಆಮೇಲೆ ಬ್ರೈಲ್. ಯಾರಿಗೇ ಆದರೂ ಟ್ರೆಂಟನ್‌ನಲ್ಲಿರುವ ರಾಜ್ಯ ಗ್ರಂಥಾಲಯದ ಟಾಕಿಂಗ್ ಬುಕ್ ಅಂಡ್ ಬ್ರೈಲ್ ಸೆಂಟರ್‌ನಲ್ಲಿ ಹೆಸರು ನೋಂದಾಯಿಸುವುದು ಮೊದಲ ಕೆಲಸವಾಗಲಿ. ಅದಕ್ಕೆ ಖರ್ಚಿಲ್ಲ. ರಾಷ್ಟ್ರೀಯ ಗ್ರಂಥಾಲಯ ಸೇವೆಯವರು ಇಂಥ ಗ್ರಂಥಾಲಯಗಳ ಮೂಲಕ 20 ಸೆಲ್‌ನ ಬ್ರೈಲ್ ಇ-ರೀಡರ್ ಅನ್ನು ಅರ್ಹ ಓದುಗರಿಗೆ ಎರವಲಾಗಿ, ಉಚಿತವಾಗಿ ಕೊಡುತ್ತಿದ್ದಾರೆ.

ಈ ಎರವಲು ಯಂತ್ರವೇ ನಮ್ಮ ಮನೆಗೆ ಕನ್ನಡ ತಂದದ್ದು. ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇವೆ.

ಶಾಲೆಯ ದುಬಾರಿ ನೋಟ್‌ಟೇಕರ್‌ನಲ್ಲಿ ಕನ್ನಡ ಕಡತ ಇಟ್ಟು ತೆರೆದಾಗ ಬಂದದ್ದು ಅರ್ಥವಿಲ್ಲದ ಚುಕ್ಕಿಗಳು. ಅಕ್ಷರವನ್ನು ಚುಕ್ಕಿಯಾಗಿ ಬದಲಿಸುವ ಕೆಲಸ ಅದರ ಒಳಗಿನ ತಂತ್ರಾಂಶದ್ದು, ಆ ಮಾದರಿಗೆ ಕನ್ನಡ ಗೊತ್ತಿರಲಿಲ್ಲ. ಕನ್ನಡ ಸಾಧ್ಯವಿಲ್ಲ ಎಂದು ಕೈಬಿಟ್ಟೆವು. ವರ್ಷಗಳ ನಂತರ, ಎರವಲು ತಂದ ಸರಳ ಇ-ರೀಡರ್‌ನ ಕೈಪಿಡಿ ಓದುತ್ತಿದ್ದಾಗ ಹೊಳೆಯಿತು: ಬ್ರೈಲ್ ಪುಸ್ತಕಗಳು ಬರುವುದು ಬಿಆರ್‌ಎಫ್ ಎಂಬ ಕಡತದಲ್ಲಿ. ಅದರಲ್ಲಿ ಭಾಷೆಯೇ ಇಲ್ಲ, ಯಾವ ಸೆಲ್‌ನಲ್ಲಿ ಯಾವ ಚುಕ್ಕಿ ಏಳಬೇಕು ಎಂಬುದಷ್ಟೇ ಇದೆ. ಯಂತ್ರಕ್ಕೆ ಕನ್ನಡ ಗೊತ್ತಿರಬೇಕಾಗಿಯೇ ಇಲ್ಲ! ಹಾರ್ಮೋನಿಯಂಗೆ ಹಾಡಿನ ಭಾಷೆ ಗೊತ್ತಿರಬೇಕೆ? ಕನ್ನಡವನ್ನು ಮನೆಯ ಗಣಕದಲ್ಲೇ ಭಾರತಿ ಬ್ರೈಲ್‌ಗೆ ಬದಲಿಸಿ, ಆ ಕಡತವನ್ನು ಮೆಮೊರಿ ಕಾರ್ಡಿನಲ್ಲಿ ಹಾಕಿದರೆ ಅತ್ಯಂತ ಸಾಧಾರಣ ಯಂತ್ರವೂ ಕನ್ನಡ ತೋರಿಸುತ್ತದೆ.

ಬದಲಿಸುವ ತಂತ್ರಾಂಶವೂ ಉಚಿತ. ಲಿಬ್‌ಲೂಯಿ ಎಂಬ ಮುಕ್ತ ತಂತ್ರಾಂಶದಲ್ಲಿ ಕನ್ನಡದ ಕೋಷ್ಟಕವಿದೆ. ವಿಂಡೋಸ್ ಗಣಕದಲ್ಲಿ ಪರದೆ ಓದುವ ಎನ್‌ವಿಡಿಎ ಎಂಬ ಉಚಿತ ತಂತ್ರಾಂಶವೂ ಅದನ್ನೇ ಬಳಸುತ್ತದೆ. ಡಿಸ್‌ಪ್ಲೇ ಜೋಡಿಸಿ ಕನ್ನಡ ಆರಿಸಿಕೊಂಡರೆ ಕನ್ನಡದ ಜಾಲತಾಣ ಬೆರಳಿಗೆ ಬರುತ್ತದೆ. ಓದುವುದು ಸುಲಭವಾಯಿತು. ಬ್ರೈಲ್ ಗುಂಡಿಗಳಿಂದ ಕನ್ನಡ ಬರೆಯುವುದು ನಮ್ಮ ಮನೆಯಲ್ಲಿ ಇನ್ನೂ ಅಷ್ಟು ಸಲೀಸಲ್ಲ, ಒತ್ತಕ್ಷರಗಳಲ್ಲಿ ಎಡವುತ್ತದೆ.

ಇಲ್ಲಿ ಸೆಲ್‌ಗಳ ಲೆಕ್ಕವೂ ಬದಲಾಗುತ್ತದೆ ಎಂದು ನೆನಪಿರಲಿ. ಇಂಗ್ಲಿಷ್ ಬ್ರೈಲ್‌ನಲ್ಲಿ ಸಂಕ್ಷೇಪಗಳು ಬಹಳ; ‘ಸ್ಟೂಡೆಂಟ್ಸ್’ ಎಂಬ ಪದ ಆರು ಸೆಲ್‌ನಲ್ಲಿ ಮುಗಿಯುತ್ತದೆ. ನಮ್ಮ ‘ವಿದ್ಯಾರ್ಥಿಗಳು’ ಹದಿಮೂರು ಸೆಲ್ ಹಿಡಿಯುತ್ತದೆ. 20 ಸೆಲ್‌ನ ಸಾಲಿನಲ್ಲಿ ಒಂದೂವರೆ ಪದ. ಆದ್ದರಿಂದ ಕನ್ನಡವನ್ನೇ ಹೆಚ್ಚು ಓದುವವರಿಗೆ, ಕೈಗೂಡಿದರೆ, 32 ಅಥವಾ 40 ಸೆಲ್ ನಿಜವಾಗಿ ಉಪಯೋಗ. ಬರೀ ಪ್ರಯಾಣಕ್ಕೆ, ಟಿಪ್ಪಣಿಗೆ 20 ಸಾಕು.

ಮೊದಲ ಸಲ ಏನು ಹಾಕೋಣ ಎಂದಾಗ ನೆನಪಾದದ್ದು ಇದೇ ಸ್ಮರಣ ಸಂಚಿಕೆಯ ಹಳೆಯ ಕಡತಗಳು. ಹತ್ತಾರು ವರ್ಷದ ಕಥೆ, ಹರಟೆ, ಅಡುಗೆ, ಪ್ರವಾಸ, ಎಲ್ಲ ನಮ್ಮವರದೇ. ಬದಲಿಸಿದೆವು. ಮಗಳು ಬೆರಳಾಡಿಸಿ, “ಇದು ಕನ್ನಡಾನಾ?” ಎಂದಳು. ಅಲ್ಲ. ಆ ಕಾಲದಲ್ಲಿ ನಾವೆಲ್ಲ ನುಡಿ, ಬರಹಗಳ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡುತ್ತಿದ್ದೆವು. ಅವು ಕಣ್ಣಿಗೆ ಕನ್ನಡ. ಗಣಕದ ಪಾಲಿಗೆ ಚಿತ್ರವಿಚಿತ್ರ ಇಂಗ್ಲಿಷ್ ಚಿಹ್ನೆಗಳು. ಯೂನಿಕೋಡ್‌ನಲ್ಲಿ ಕನ್ನಡ 1991ರಿಂದಲೇ ಇದ್ದರೂ ನಮ್ಮ ರೂಢಿಗೆ ಬರಲು ವರ್ಷಗಳು ಹಿಡಿದವು. ಆ ಕಡತಗಳನ್ನು ಪರಿವರ್ತಕಗಳಿಂದ ಯೂನಿಕೋಡ್‌ಗೆ ತಂದು, ತಪ್ಪು ತಿದ್ದಿ, ಆಮೇಲೆ ಬ್ರೈಲ್ ಮಾಡಬೇಕು. ಸ್ಕ್ಯಾನ್ ಮಾಡಿದ ಪಿಡಿಎಫ್ ಆದರೆ ಇನ್ನೂ ಕಷ್ಟ. ಈ ವರ್ಷದ ಲೇಖನಗಳನ್ನು ದಯವಿಟ್ಟು ಯೂನಿಕೋಡ್‌ನಲ್ಲಿ ಕಳಿಸಿ ಎಂದು ಸಂಪಾದಕರು ಮೂರು ಸಲ ಮಿಂಚಂಚೆ ಕಳಿಸಿದ್ದಕ್ಕೆ ಒಂದು ಕಾರಣ ನಾವು ಕೊಟ್ಟ ಕಾಟ, ಬೈದುಕೊಂಡವರು ಕ್ಷಮಿಸಬೇಕು.

ಈಗ ಊರಿಗೆ ಯಂತ್ರ ಕಳಿಸುವ ವಿಚಾರ. ಮೈಸೂರಿನಲ್ಲಿ ಕಿವುಡ ಮತ್ತು ಅಂಧ ಮಕ್ಕಳ ಶಾಲೆ 1901ರಷ್ಟು ಹಿಂದೆಯೇ ಶುರುವಾಯಿತು. ಬೆಂಗಳೂರಿನಲ್ಲಿ ಮಿತ್ರಜ್ಯೋತಿ, ಸಮರ್ಥನಂ ಮುಂತಾದ ಸಂಸ್ಥೆಗಳು ದಶಕಗಳಿಂದ ಕೆಲಸ ಮಾಡುತ್ತಿವೆ. ಅಂದರೆ ಅಲ್ಲಿ ಬ್ರೈಲ್ ಬಲ್ಲವರಿಗೆ ಕೊರತೆಯಿಲ್ಲ, ನಮಗಿಂತ ಚೆನ್ನಾಗಿ ಗೊತ್ತಿರುವವರಿದ್ದಾರೆ. ಅವರನ್ನು ಕೇಳದೆ ಇಲ್ಲಿಂದ ಆರು ಸಾವಿರ ಡಾಲರಿನ ನೋಟ್‌ಟೇಕರ್ ಸೂಟ್‌ಕೇಸಿನಲ್ಲಿ ಇಟ್ಟುಕೊಂಡು ಹೋಗುವುದು ಬೇಡ. ಒಂದು ಚುಕ್ಕಿ ನಿಂತರೆ ಅದು ಮತ್ತೆ ಸಮುದ್ರ ದಾಟಿ ಬರಬೇಕು. ಹಾಸ್ಟೆಲಿನಲ್ಲಿ ಒಬ್ಬ ಹುಡುಗನಿಗೆ ಅಷ್ಟು ಬೆಲೆಯ ವಸ್ತು ಎಂದರೆ ಅದು ವಾರ್ಡನ್ ಬೀರುವಿಗೆ ಹೋಗಿ ಬೀಗ ಬೀಳುವ ಸಾಧ್ಯತೆಯೇ ಹೆಚ್ಚು. ಕಡಿಮೆ ಬೆಲೆಯ ಯಂತ್ರಗಳು ಈಗ ಇವೆ. 20 ಸೆಲ್‌ನ ಆರ್ಬಿಟ್ ರೀಡರ್ 2018ರಲ್ಲಿ ಇಲ್ಲಿ 449 ಡಾಲರಿಗೆ ಮಾರಾಟಕ್ಕೆ ಬಂದಾಗ ದೊಡ್ಡ ಸುದ್ದಿಯಾಯಿತು. ಆಮೇಲೆ ಬೆಲೆ ಏರಿದೆ. ಅದು ಪೀಜೋ ಅಲ್ಲ, ಬೇರೆ ಯಂತ್ರವಿಧಾನ. ಸಾಲು ಬದಲಾಗುವುದು ನಿಧಾನ, ಸದ್ದೂ ಇದೆ. ಆದರೆ ಚುಕ್ಕಿ ಗಟ್ಟಿ, ಮೆಮೊರಿ ಕಾರ್ಡಿನಿಂದ ಓದುತ್ತದೆ, ಕನ್ನಡದ ಬಿಆರ್‌ಎಫ್ ಕಡತಕ್ಕೆ ಅಷ್ಟು ಸಾಕು. ಭಾರತದಲ್ಲಿ 2016ರಲ್ಲಿ ಆರಂಭವಾದ ಸುಗಮ್ಯ ಪುಸ್ತಕಾಲಯ ಎಂಬ ಅಂತರಜಾಲ ಗ್ರಂಥಾಲಯವೂ ಇದೆ. ಹುಡುಗ ಅಲ್ಲಿ ಸದಸ್ಯನೇ ಎಂದು ಮೊದಲು ವಿಚಾರಿಸಿ. ಅಕ್ಕನ ಮಗನಿಗೆ ಯಾವ ಯಂತ್ರ ಎಂದು ಕೇಳಿದವರಿಗೆ ನಮ್ಮ ಉತ್ತರ ಇಷ್ಟು: ಅವನಿಗೇ ಫೋನ್ ಮಾಡಿ, ಏನು ಓದಬೇಕು, ಎಲ್ಲಿ ಕುಳಿತು ಓದುತ್ತೀಯ, ಈಗ ಏನು ಬಳಸುತ್ತೀಯ ಎಂದು ಕೇಳಿ. ಅವನ ಶಾಲೆಯ ಬ್ರೈಲ್ ಮೇಷ್ಟ್ರನ್ನೂ ಕೇಳಿ. ಅಲ್ಲಿಯೇ ಕೊಂಡು ಅಲ್ಲಿಯೇ ದುರಸ್ತಿಯಾಗುವಂಥದ್ದಕ್ಕೆ ದುಡ್ಡು ಕಳಿಸಿ.

ನಮ್ಮ ಮಗಳು ಕನ್ನಡ ಓದಲು ಶುರು ಮಾಡಿದ್ದು ಅಜ್ಜಿಯಿಂದ. ಹಳೆಯ ಸಂಚಿಕೆ ಕೈಕೊಟ್ಟ ಮೇಲೆ, ಮೈಸೂರಿನ ಅಜ್ಜಿ ಪ್ರತಿ ಶನಿವಾರ ಫೋನಿನಲ್ಲಿ ಹೇಳುವ ತಮ್ಮ ಬಾಲ್ಯದ ಕಥೆಗಳನ್ನು ಅಪ್ಪ ಟೈಪ್ ಮಾಡುವುದು, ಬ್ರೈಲ್‌ಗೆ ಬದಲಿಸಿ ಕಾರ್ಡಿಗೆ ಹಾಕುವುದು ಎಂದಾಯಿತು. ಮೊದಲ ಸಾಲಿನ ಮೊದಲ ಪದ ಮೇಲೆ ಹೇಳಿದ ಐದು ಸೆಲ್‌ನದು. ಅದನ್ನು ಅವಳು ಯಾರೂ ಹೇಳಿಕೊಡದೆ ಓದಿದಳು. ‘ಡ’ಕಾರದ ಚುಕ್ಕಿಗಳು ಇಂಗ್ಲಿಷ್ ಸಂಕ್ಷೇಪದಲ್ಲಿ ‘ಎಡ್’ ಆಗುವುದರಿಂದ ಒಂದೆರಡು ವಾರ ‘ಹುಡುಗಿ’ ಎಂಬಲ್ಲೆಲ್ಲ ತಡವರಿಸಿದಳು. ಮೂರು ತಿಂಗಳಲ್ಲಿ ನಿಧಾನವಾಗಿಯಾದರೂ ಒಂದು ಕಥೆ ಪೂರ್ತಿ ಓದುವಂತಾದಳು. ಅಜ್ಜಿಗೆ ಫೋನ್ ಮಾಡಿ ಅವರ ಕಥೆಯನ್ನು ಅವರಿಗೇ ಓದಿ ಹೇಳಿದಾಗ ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಪುಟ್ಟೀ, ನೀನು ‘ಹ’ಕಾರ ನಿನ್ನಪ್ಪನಿಗಿಂತ ಚೆನ್ನಾಗಿ ಹೇಳ್ತೀಯ ಕಣೇ” ಎಂದರು.

ಈಗ ನಲವತ್ತರ ಹತ್ತಿರ ಕಥೆಗಳಾಗಿವೆ. ಕಳೆದ ತಿಂಗಳು ಒಂದು ಸಂಜೆ ಅವಳು ಯಂತ್ರ ಹಿಡಿದುಕೊಂಡು ಅಡುಗೆಮನೆಗೆ ಬಂದು, “ಅಪ್ಪಾ, ‘ವಿಷಯ’ಕ್ಕೆ ಯಾವ ಷ? ಇಲ್ಲಿ ಒಂದು ಕಡೆ 1-4-6 ಹಾಕಿದ್ದೀರಿ, ಮುಂದಿನ ಸಾಲಿನಲ್ಲಿ 1-2-3-4-6 ಇದೆ” ಎಂದಳು. ಕೇಳುವ ಪುಸ್ತಕದಲ್ಲಿ ಆ ತಪ್ಪು ನಮಗೆ ದಕ್ಕಿ ಹೋಗುತ್ತಿತ್ತು. ಅಪ್ಪ ಎದ್ದು ಹೋಗಿ ನಿಘಂಟು ತೆಗೆದರು.